ಕ್ಯಾಮೆರಾ ಕಂಡ ಎಡಗೈ

"ಕೆಳಗೆ ಇಳೀರಿ. ಇಲ್ಲಾಂದ್ರೆ ಈ ಒನಕೆ ನಿಮ್ಮ ಮೊಣಕಾಲಿಗೆ ಬೀಳುತ್ತೆ."

ಪೋಮಾ ಬೇಯಿಸಿದ ಮರಗೆಣಸನ್ನು ಫುಫು ಮುದ್ದೆಗೆ ಕುಟ್ಟುತ್ತಿದ್ದ ಒನಕೆಯನ್ನೇ ಎತ್ತಿಕೊಂಡು ಅಂಗಳಕ್ಕೆ ಓಡಿ ಬಂದಿದ್ದಳು. ಕಾಂಪೌಂಡ್ ಗೋಡೆಯ ಮೇಲೆ, ಒಂದು ಕಾಲು ಆಚೆ ಒಂದು ಕಾಲು ಈಚೆ ಇಳಿಬಿಟ್ಟು, ಅಪರಿಚಿತನೊಬ್ಬ ಕುಳಿತಿದ್ದ. ಹೆದರಬೇಕಾದವನು ನಗುತ್ತಿದ್ದ! ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

"ನಾನು ಓಬೆಂಗ್. ಕ್ಯಾಮೆರಾ ಹಾಕೋಕೆ ಜಾಗ ನೋಡಿ ಹೋಗಿ ಅಂತ ನೀವೇ ಫೋನ್ ಮಾಡಿದ್ರಿ," ಅಂದ ಅವನು.

"ಹಾಗಾದ್ರೆ ಗೇಟು ಯಾಕಿದೆ?"

"ಗೇಟಲ್ಲಿ ನೆಂಟರು ಬರ್ತಾರೆ. ನಾನು ಕಳ್ಳ ಎಲ್ಲಿಂದ ಬರಬಹುದು ಅಂತ ನೋಡ್ತಿದ್ದೆ."

ಪೋಮಾಳ ಕೈಯಲ್ಲಿದ್ದ ಒನಕೆ ತಾನಾಗಿ ಕೆಳಗಿಳಿಯಿತು. ಮುಖ ಸಪ್ಪಗಾಯಿತು.

"ನಮ್ಮನೆಗೆ ಬಂದ ಕಳ್ಳ ಗೇಟಲ್ಲೇ ಬಂದ. ನಮ್ಮಜ್ಜಿ ಅವನಿಗೆ ನೀರೂ ಕೊಟ್ರು."

ಗೋಡೆಯ ಮೇಲಿನ ನಗು ಅಲ್ಲೇ ನಿಂತಿತು. ಓಬೆಂಗ್ ಇಳಿದು ಬಂದ.

ನಡೆದದ್ದು ಇಷ್ಟು. ಪೋಮಾಗೆ ಕುಮಾಸಿ ನಗರದ ಕೆಜೆಟಿಯಾ ಮಾರುಕಟ್ಟೆಯಲ್ಲಿ ಬಟ್ಟೆ ಅಂಗಡಿ. ಹೆತ್ತ ತಾಯಿ ಬೇಗ ತೀರಿಕೊಂಡದ್ದರಿಂದ ಅವಳನ್ನು ಸಾಕಿ ಬೆಳೆಸಿದವಳು ತಾಯಿಯ ತಾಯಿ, ದುಫಿ ಅಜ್ಜಿ. ಅಜ್ಜಿಯ ಕಣ್ಣು ಮಂಜಾಗಿ ವರ್ಷಗಳೇ ಆಗಿದ್ದವು. ಬೆಳಕಿದೆಯೋ ಇಲ್ಲವೋ ಅಷ್ಟು ತಿಳಿಯುತ್ತಿತ್ತು. ಆದರೂ ಹಗಲೆಲ್ಲ ಜಗುಲಿಯ ಕುರ್ಚಿಯಲ್ಲಿ ಕೂತು, ಬಂದವರಿಗೆಲ್ಲ ಪಕ್ಕದ ಮಡಕೆಯಿಂದ ನೀರು ಕೊಟ್ಟು, "ನಮ್ಮಲ್ಲಿ ಎಲ್ಲ ಕ್ಷೇಮ. ಬಂದ ಸುದ್ದಿ ಏನು?" ಎಂದು ಕೇಳುವುದು ಅವಳ ಉದ್ಯೋಗವಾಗಿತ್ತು. ಮೊದಲು ನೀರು, ಆಮೇಲೆ ಸುದ್ದಿ. ಈ ಕ್ರಮ ತಪ್ಪಿದ ಮನೆಯನ್ನು ನಾವು ಮನೆ ಅನ್ನುವುದಿಲ್ಲ.

ಕಳ್ಳನೂ ಕ್ರಮ ಬಲ್ಲವನೇ. ನೀರು ಕುಡಿದ. ಪೋಮಾ ಕಳಿಸಿದ್ದಾಳೆ, ಟಿವಿ ರಿಪೇರಿಗೆ ಒಯ್ಯಬೇಕು ಎಂದ. ಟಿವಿ, ಗ್ಯಾಸ್ ಸಿಲಿಂಡರ್, ಅಜ್ಜಿಯ ಮದುವೆಯ ಕೈಮಗ್ಗದ ಕೆಂಟೆ ಬಟ್ಟೆ ಎಲ್ಲ ಹೊತ್ತುಕೊಂಡ. ಅಜ್ಜಿ ಬಾಗಿಲ ತನಕ ಬಂದು ಅವನಿಗೆ ಒಳ್ಳೆಯದಾಗಲಿ ಎಂದು ಹರಸಿ ಕಳಿಸಿದಳು.

ಅಂದಿನಿಂದ ಮಡಕೆ ಬೋರಲು ಬಿದ್ದಿತ್ತು. ಯಾರು ಬಂದರೂ ಅಜ್ಜಿ ಬಾಯಿ ಬಿಡುತ್ತಿರಲಿಲ್ಲ.

ಪೋಮಾಳ ಸೋದರಮಾವ, ಎಂದರೆ ಅಜ್ಜಿಯ ಮಗ ಅಂಪೋಫೊ, ಒಬುವಾಸಿಯಿಂದ ಓಡಿ ಬಂದು ಜಗುಲಿಯಲ್ಲಿ ಗುಡುಗಿದ್ದ. ಈ ತಿಂಗಳು ಮುಗಿಯುವುದರೊಳಗೆ ಮನೆಗೆ ಸರಿಯಾದ ಕಾವಲು ಆಗದಿದ್ದರೆ ತಾಯಿಯನ್ನು ತನ್ನೂರಿಗೆ ಕರೆದೊಯ್ಯುತ್ತೇನೆ ಎಂದಿದ್ದ. ಮನೆತನದ ಹಿರಿಯನ ಮಾತು. ಅದನ್ನು ಮೀರುವವರು ಯಾರು?

'ಅಜ್ಜಿ ಇಲ್ಲದ ಈ ಮನೆಯಲ್ಲಿ ನಾನು ಯಾರಿಗಾಗಿ ಬಾಗಿಲು ತೆಗೆಯಲಿ?' ಎಂದು ಪೋಮಾ ಒಳಗೊಳಗೇ ಅತ್ತಿದ್ದಳು.

ಮಾವನ ಆಯ್ಕೆ ಆಗಲೇ ಸಿದ್ಧವಿತ್ತು. ಅವನ ಗೆಳೆಯನ ಅಂಗಡಿಯ ಕ್ಯಾಮೆರಾಗಳು: ಮನೆಯ ಮೂಲೆ ಮೂಲೆಗೆ ಒಂದೊಂದು, ಎಲ್ಲವನ್ನೂ ತೋರಿಸುವ ದೊಡ್ಡ ಪರದೆ, ರಾತ್ರಿಯೆಲ್ಲ ಮಿಣುಕುವ ಕೆಂಪು ದೀಪ. ಮದುವೆ ಚಪ್ಪರಕ್ಕೆ ಸಾಲುವಷ್ಟು ವೈರು! ಬೇರೆಯವರದನ್ನೂ ಒಮ್ಮೆ ನೋಡೋಣ ಎಂದು ಪೋಮಾಳೇ ಹಟ ಹಿಡಿದು ಓಬೆಂಗ್‌ನನ್ನು ಕರೆಸಿದ್ದಳು.

ಮಾವನ ಗೆಳೆಯ ಮನೆಯಲ್ಲಿ ಏನೇನು ಬೆಲೆಬಾಳುವ ಸಾಮಾನಿದೆ ಎಂದು ವಿಚಾರಿಸಿದ್ದ. ಓಬೆಂಗ್ ವಿಚಾರಿಸಿದ್ದು ಅಜ್ಜಿ ಎಷ್ಟು ಹೊತ್ತಿಗೆ ಏಳುತ್ತಾರೆ, ಎಲ್ಲಿ ಕೂರುತ್ತಾರೆ, ಕರೆಂಟು ಹೋದಾಗ ಹೆದರುತ್ತಾರಾ ಎಂದು.

"ಗೇಟಿಗೊಂದು, ಜಗುಲಿಗೊಂದು ಸಾಕು. ಕರೆಂಟು ಹೋದ್ರೂ ಬ್ಯಾಟರಿ ಇರುತ್ತೆ. ಯಾರಾದ್ರೂ ಬಂದ್ರೆ ಅಂಗಡೀಲಿ ನಿಮ್ಮ ಫೋನ್ ಬಡ್ಕೊಳ್ಳುತ್ತೆ. ನೀವು ಅಲ್ಲಿಂದಲೇ ಮಾತಾಡಬಹುದು," ಅಂದ. ಅಜ್ಜಿಯ ಕೋಣೆಯ ಬಾಗಿಲ ಕಡೆ ನೋಡಿ ಮತ್ತೂ ಒಂದು ಮಾತು ಸೇರಿಸಿದ. "ಒಳಗೆ ಎಲ್ಲೂ ಬೇಡ. ಅವರಿಗೆ ಕಣ್ಣು ಕಾಣಲ್ಲ ಅಂತ ನಾವು ಅವರನ್ನ ಎಲ್ಲಾ ಹೊತ್ತೂ ನೋಡ್ತಾ ಕೂರೋದು ಚೆನ್ನಾಗಿರಲ್ಲ."

ಆ ಮಾತು ಪೋಮಾಳ ಎದೆಯಲ್ಲಿ ಹೋಗಿ ಕೂತುಬಿಟ್ಟಿತು.

"ಕೆಲವು ದಿನ ಹಾಕಿ ನೋಡಿ. ಸರಿ ಅನ್ನಿಸಿದ್ರೆ ಇಟ್ಕೊಳ್ಳಿ," ಅಂದ ಓಬೆಂಗ್. "ಮನುಷ್ಯರು ಸುಳ್ಳು ಹೇಳಬಹುದು. ಕ್ಯಾಮೆರಾ ಹೇಳಲ್ಲ."

ಪಾಪ, ಆ ಮಾತೇ ತನ್ನ ಕಾಲಿಗೆ ತೊಡಕಾಗುತ್ತದೆಂದು ಅವನಿಗೇನು ಗೊತ್ತಿತ್ತು!

ಆ ದಿನಗಳು ಹೇಗೆ ಕಳೆದವೋ ಪೋಮಾಗೆ ತಿಳಿಯಲಿಲ್ಲ. ಅಂಗಡಿಯಲ್ಲಿ ಗಿರಾಕಿಗೆ ಬಟ್ಟೆ ಬಿಡಿಸಿ ತೋರಿಸುವಾಗ ಫೋನ್ ಸದ್ದು ಮಾಡುತ್ತಿತ್ತು. ನೋಡಿದರೆ ಗೇಟಿನ ಮುಂದೆ ಓಬೆಂಗ್. ಕ್ಯಾಮೆರಾ ಕಡೆ ಮುಖ ಎತ್ತಿ, "ಕಳ್ಳ ಬಂದಿದ್ದೀನಿ, ಒಳಗೆ ಹೋಗಲಾ?" ಅನ್ನುತ್ತಿದ್ದ. ಒಂದು ದಿನ ವೈರು ಸರಿ ಮಾಡಲು, ಇನ್ನೊಂದು ದಿನ ತಿರುಪು ಬಿಗಿ ಮಾಡಲು. ಬಿಗಿ ಮಾಡಿದ ತಿರುಪನ್ನೇ ಮತ್ತೆ ಬಿಗಿ ಮಾಡಲು ಬಂದಾಗಲೂ ಅವಳು ಯಾಕೆಂದು ಕೇಳಲಿಲ್ಲ. ಅವನು ಬಾರದ ದಿನ ಮಾತ್ರ ಫೋನಿನ ಚಾರ್ಜು ಮುಗಿದಿದೆಯಾ ಎಂದು ಹತ್ತು ಸಲ ನೋಡಿಕೊಂಡಳು. ಪಕ್ಕದ ಅಂಗಡಿಯ ಹೆಂಗಸರು ಮುಸಿಮುಸಿ ನಕ್ಕರು.

'ಇದೇನಾಗುತ್ತಿದೆ ನನಗೆ... ಮನೆ ಕಾಯೋಕೆ ಕ್ಯಾಮೆರಾ ಹಾಕಿಸಿದೆನಾ, ಇಲ್ಲಾ ಇವನ ದಾರಿ ಕಾಯೋಕಾ?'

ಹೀಗಿರುವಾಗ ಒಂದು ಮಧ್ಯಾಹ್ನ, ಮಾರುಕಟ್ಟೆಯ ಗದ್ದಲದ ನಡುವೆ ಫೋನ್ ಬಡಿದುಕೊಂಡಿತು. ಜಗುಲಿಯ ಕ್ಯಾಮೆರಾಕ್ಕೆ ಬಿಸಿಲು ಹೊಡೆಯುತ್ತದೆ, ಜಾಗ ಬದಲಾಯಿಸುತ್ತೇನೆ ಎಂದು ಓಬೆಂಗ್ ಬೆಳಿಗ್ಗೆಯೇ ಹೇಳಿದ್ದ. ಪೋಮಾ ನಗುತ್ತಲೇ ಪರದೆ ನೋಡಿದಳು.

ಅಜ್ಜಿ ಕುರ್ಚಿಯಲ್ಲಿದ್ದಳು. ಓಬೆಂಗ್ ಮಡಕೆಯನ್ನು ನೆಟ್ಟಗೆ ನಿಲ್ಲಿಸಿ ನೀರು ತುಂಬಿಸಿದ. ಲೋಟಕ್ಕೆ ಬಗ್ಗಿಸಿಕೊಂಡ. ಅಜ್ಜಿಯ ಮುಂದೆ ನಿಂತು ಚಾಚಿದ...

ಎಡಗೈ!

ಪೋಮಾ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಎಡಗೈಯೇ. ಕಾಣದ ಮುದುಕಿ ಎರಡೂ ಕೈ ಚಾಚಿ, ತಲೆಬಾಗಿ, ಅದನ್ನು ತೆಗೆದುಕೊಂಡಳು.

ಪೋಮಾಳ ಕಿವಿ ಬಿಸಿಯಾಯಿತು. ನಮ್ಮಲ್ಲಿ ಕೂಸಿಗೂ ಎಡಗೈಯಲ್ಲಿ ಏನನ್ನೂ ಕೊಡುವುದಿಲ್ಲ. ದಾರಿ ತೋರಿಸುವಾಗ ಎಡಗೈ ಎತ್ತಿದರೂ ಕ್ಷಮೆ ಕೇಳುತ್ತೇವೆ. ಅಂಥದ್ದರಲ್ಲಿ ಮನೆಯ ಹಿರಿಯಳಿಗೆ! 'ಕಾಣಲ್ಲ ಅಂತ ತಾನೇ? ನೋಡೋರಿಲ್ಲ ಅಂತ ತಾನೇ? ಎದುರಿಗೆ ಎಷ್ಟು ನಯ, ಹಿಂದೆ ಇಷ್ಟು ತಾತ್ಸಾರವಾ...' ಫೋನನ್ನು ಆರಿಸಿ ಬಟ್ಟೆಯ ಥಾನುಗಳ ನಡುವೆ ಎಸೆದಳು. ಆಮೇಲೆ ಏನಾಯಿತೆಂದು ನೋಡಲೇ ಇಲ್ಲ.

ಸಂಜೆ ಮನೆಗೆ ಬಂದಾಗ ಓಬೆಂಗ್ ಸಾಮಾನು ಚೀಲಕ್ಕೆ ತುಂಬುತ್ತಿದ್ದ. ಅವನನ್ನು ಗೇಟಿನ ಹೊರಗೆ ಕರೆದಳು. ಅಜ್ಜಿಗೆ ಕೇಳಿಸಬಾರದಿತ್ತು.

"ನಮ್ಮಜ್ಜಿಗೆ ಎಡಗೈಯಲ್ಲಿ ನೀರು ಕೊಟ್ರಿ."

ಅವನು ತನ್ನ ಎರಡೂ ಕೈಗಳನ್ನು ಎತ್ತಿ ನೋಡಿಕೊಂಡ. "ನಾನು ಅಂಥೋನಲ್ಲ, ಪೋಮಾ."

"ಕ್ಯಾಮೆರಾ ಸುಳ್ಳು ಹೇಳಲ್ಲ ಅಂದೋರು ಯಾರು?"

ಓಬೆಂಗ್ ಆ ಮಧ್ಯಾಹ್ನವನ್ನು ನೆನಪಿಸಿಕೊಳ್ಳಲು ನೋಡಿದ. ಆಗ ಒಂದು ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಯಾವ ಕೈಯಲ್ಲಿ? ಅವಸರದಲ್ಲಿ ಮರೆತೆನಾ? ತನ್ನದೇ ಕ್ಯಾಮೆರಾ ತನ್ನ ಮೇಲೆ ಸಾಕ್ಷಿ ಹೇಳುತ್ತಿದ್ದರೆ ಯಾರಾದರೂ ಏನು ವಾದ ಮಾಡಿಯಾರು? ಅವಳು ಸೋದರಮಾವ ಹೇಳಿದ್ದನ್ನೇ ಹಾಕಿಸುತ್ತೇನೆ, ನಿಮ್ಮದನ್ನು ಬಿಚ್ಚಿಕೊಂಡು ಹೋಗಿ ಎಂದಳು.

"ಬೇರೆಯದು ಬರೋ ತನಕ ಇರಲಿ. ಹಗಲು ಅಜ್ಜಿ ಒಬ್ರೇ ಇರ್ತಾರೆ," ಎಂದಷ್ಟೇ ಹೇಳಿ ಅವನು ಹೊರಟುಹೋದ.

ಬೈದು ಹೋಗಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಅಜ್ಜಿ ಮಿಂದು, ಒಳ್ಳೆಯ ಬಟ್ಟೆ ಉಟ್ಟು, ಬಾಗಿಲಲ್ಲಿ ಕೂತಿದ್ದಳು. ಎಲ್ಲಿಗೆ ಎಂದರೆ ಓಬೆಂಗ್ ಮನೆಗೆ. ನಮ್ಮಲ್ಲಿ ಉಪಕಾರ ಪಡೆದವರು ಅಲ್ಲೇ ಥ್ಯಾಂಕ್ಸ್ ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ. ಮರುದಿನ ಬೆಳಕು ಹರಿಯುತ್ತಲೇ ಅವರ ಮನೆಗೆ ಹೋಗಿ "ನಿನ್ನೆಗೆ ಥ್ಯಾಂಕ್ಸ್" ಎನ್ನಬೇಕು. ಹಾಗೆ ಹೋಗದವರನ್ನು ಉಂಡ ಮನೆ ಮರೆತವರು ಎನ್ನುತ್ತೇವೆ.

"ಆ ಹುಡುಗ ನನಗೆ ದೊಡ್ಡ ಉಪಕಾರ ಮಾಡಿದ್ದಾನೆ. ಕರ್ಕೊಂಡು ಹೋಗು, ಮಗಳೇ," ಅಂದಳು ಅಜ್ಜಿ.

'ಎಡಗೈಯಲ್ಲಿ ನೀರು ಕೊಟ್ಟದ್ದಕ್ಕಾ ಅಜ್ಜಿ?' ಎಂದುಕೊಂಡಳು ಪೋಮಾ. ಅದನ್ನು ಬಾಯಿಬಿಟ್ಟು ಹೇಳಿ ಈ ಮುದಿಜೀವವನ್ನು ಯಾಕೆ ನೋಯಿಸಬೇಕು? ಕೆಲಸವಿದೆ ಎಂದು ಸುಳ್ಳು ಹೇಳಿ ಅಂಗಡಿಗೆ ಓಡಿದಳು. ಮರುದಿನವೂ ಅದೇ ಸುಳ್ಳು. ಅಜ್ಜಿ ಮಾತ್ರ ದಿನಾ ಬೆಳಿಗ್ಗೆ ಒಳ್ಳೆಯ ಬಟ್ಟೆ ಉಟ್ಟು ಕೂರುತ್ತಿದ್ದಳು.

ಶನಿವಾರ ಅಂಪೋಫೊ ಮಾವ ತನ್ನ ಗೆಳೆಯನ ಕೆಲಸದವರನ್ನು ಕರೆದುಕೊಂಡು ಬಂದಿಳಿದ. ಪೋಮಾ ಇನ್ನೂ ಅಂಗಡಿಯಲ್ಲಿದ್ದಳು. ಫೋನ್ ಸದ್ದಾಯಿತು. ಮಾವನಿಗೆ ಕೂರಲು ಯಾರಾದರೂ ಕುರ್ಚಿ ಕೊಟ್ಟರೋ ಇಲ್ಲವೋ ಎಂದು ನೋಡಿದಳು.

ಮನೆಗೆ ಒಂದು ಮೊಳೆ ಹೊಡೆಯುವುದಿದ್ದರೂ ಮಾವ ಮೊದಲು ಪಿತೃಗಳಿಗೆ ಮದ್ಯದ ಧಾರೆ ಎರೆಯುವವನು. ಅಂದೂ ಜಗುಲಿಯಲ್ಲಿ ನಿಂತು, ಹೋದವರ ಹೆಸರು ಒಂದೊಂದಾಗಿ ಹೇಳುತ್ತ, ನೆಲಕ್ಕೆ ಎರೆಯುತ್ತಿದ್ದ. ಪೋಮಾ ಪರದೆಯನ್ನು ಕಣ್ಣಿಗೆ ಹತ್ತಿರ ತಂದುಕೊಂಡಳು.

ಮಾವ ಎಡಗೈಯಲ್ಲಿ ಎರೆಯುತ್ತಿದ್ದ!

ಒಮ್ಮೆ ನಾಮಕರಣದ ಮನೆಯಲ್ಲಿ ಎಡಗೈಯಲ್ಲಿ ಬೆರಳು ತೋರಿಸಿದನೆಂದು ಸ್ವಂತ ಬೀಗನಿಗೇ ಒಂದು ಬಾಟಲಿ ಮದ್ಯದ ದಂಡ ಹಾಕಿದ ಮಹಾನುಭಾವ ಇವನು. ಇವನು ಎಡಗೈಯಲ್ಲಿ ಪಿತೃಗಳಿಗೆ ಕೊಡುವುದೇ? ಸೂರ್ಯ ಪಡುವಣದಲ್ಲಿ ಹುಟ್ಟಿದರೂ ನಂಬಬಹುದು, ಇದನ್ನು ನಂಬುವ ಹಾಗಿಲ್ಲ.

ಆಮೇಲೆ ಅವಳ ದೃಷ್ಟಿ ಮಾವನ ಹೆಗಲಿಗೆ ಹೋಯಿತು. ಬಟ್ಟೆ ಮಾರುವವಳ ದೃಷ್ಟಿ. ನಮ್ಮ ಗಂಡಸರು ಹೊದ್ದ ಬಟ್ಟೆಯನ್ನು ಎಡ ಹೆಗಲ ಮೇಲೆ ಹಾಕಿ ಬಲ ಹೆಗಲು ತೆರೆದಿಡುತ್ತಾರೆ. ಪರದೆಯಲ್ಲಿ ಮಾವನ ಬಟ್ಟೆ ಬಲ ಹೆಗಲ ಮೇಲಿತ್ತು. ಒಳಬಾಗಿಲು ಇರಬೇಕಾದಲ್ಲಿ ಕಿಟಕಿಯಿತ್ತು. ಕುರ್ಚಿಯ ಬಲಕ್ಕೆ ಇರಬೇಕಾದ ಮಡಕೆ ಎಡಕ್ಕೆ ಇತ್ತು.

ಕನ್ನಡಿಯಲ್ಲಿ ಕಂಡ ಹಾಗೆ, ಎಲ್ಲ ಅದಲುಬದಲು.

ಪೋಮಾ ಗಿರಾಕಿಯ ಮುಂದೆಯೇ ಮಡಚಿಟ್ಟಿದ್ದ ಥಾನುಗಳ ಮೇಲೆ ಕೂತುಬಿಟ್ಟಳು. 'ಅಯ್ಯೋ... ನಾನು ಏನು ಮಾಡಿಬಿಟ್ಟೆ...'

ಆ ಮಧ್ಯಾಹ್ನದ ರೆಕಾರ್ಡಿಂಗ್ ಹುಡುಕಿದಳು. ಪಕ್ಕದ ಅಂಗಡಿಯ ಹಿಂದೆ, ಗದ್ದಲವಿಲ್ಲದ ಮೂಲೆಗೆ ಹೋಗಿ, ಫೋನನ್ನು ಕಿವಿಗೊತ್ತಿ ಮೊದಲಿಂದ ಕೇಳಿದಳು.

ಓಬೆಂಗ್ ಕ್ಯಾಮೆರಾ ಸಿಕ್ಕಿಸುತ್ತಿದ್ದ. ಅಜ್ಜಿ ಒಂದೇ ಸಮನೆ ಕೆಮ್ಮತೊಡಗಿದಳು. ಅವನು ಮಾಡುತ್ತಿದ್ದ ಕೆಲಸ ಬಿಟ್ಟು ಓಡಿ ಬಂದ. ನೀರಿದೆಯಾ ಎಂದು ಕೇಳಿದ. ಮಡಕೆ ಬರಿದಾಗಿದೆ, ಯಾರಿಗೂ ನೀರು ಕೊಡುವ ಯೋಗ್ಯತೆ ತನಗಿಲ್ಲ ಎಂದಳು ಅಜ್ಜಿ. ಅವನು ಒಳಗಿನಿಂದ ನೀರು ತಂದು ತುಂಬಿಸಿದ. ಲೋಟ ಚಾಚಿದ.

"ಇವತ್ತು ನೀವೇ ನೆಂಟರು, ಅಜ್ಜಿ. ತಗೊಳ್ಳಿ."

ಪೋಮಾ ಫೋನ್ ಆರಿಸಿದ್ದು ಇಲ್ಲಿಗೆ. ಅದರ ಮುಂದಿನದನ್ನು ಅವಳು ಈಗ ಕೇಳಿದಳು.

ಅಜ್ಜಿ ನೀರು ಕುಡಿದು ನಿಟ್ಟುಸಿರಿಟ್ಟಳು. ಕಳ್ಳನನ್ನು ಹರಸಿದ ನಾಲಿಗೆ ಇದು ಎಂದಳು. ಓಬೆಂಗ್ ಅವಳ ಕಾಲ ಬಳಿ ನೆಲದ ಮೇಲೆ ಕೂತ.

"ಕದ್ದಿದ್ದು ಅವನ ತಪ್ಪು. ನೀರು ಕೊಟ್ಟಿದ್ದು ನಿಮ್ಮ ತಪ್ಪಲ್ಲ. ಇನ್ಮೇಲೆ ಯಾರೇ ಬರಲಿ, ನೀವು ಬಂದ ಸುದ್ದಿ ಕೇಳಿ. ಅಂಗಡೀಲಿ ಪೋಮಾ ಕೇಳಿಸ್ಕೋತಾರೆ. ಸುಳ್ಳಾದ್ರೆ ಅವರೇ ಬೈತಾರೆ. ಅವರ ಬೈಗುಳ ನಿಮಗೆ ಗೊತ್ತಲ್ಲ, ಕಳ್ಳ ಟಿವಿ ಅಲ್ಲೇ ಬಿಟ್ಟು ಓಡ್ತಾನೆ."

ಅಜ್ಜಿ ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಗಿತ್ತು!

"ನಾನೀಗ ಹೊರಗೆ ಹೋಗಿ ಮತ್ತೆ ಬರ್ತೀನಿ. ನೆಂಟನಾಗಿ. ನನಗೆ ನೀರು ಕೊಡಿ," ಅಂದ ಓಬೆಂಗ್.

ಗೇಟು ತೆರೆದ ಸದ್ದು. ಮಡಕೆಗೆ ಲೋಟ ತಾಗಿದ ಸದ್ದು. ಆಮೇಲೆ ಅಜ್ಜಿಯ ಹಳೆಯ ದನಿ, ನಡುಗುತ್ತ, ಆದರೂ ತುಂಬಿಕೊಂಡು...

"ನಮ್ಮಲ್ಲಿ ಎಲ್ಲ ಕ್ಷೇಮ. ಬಂದ ಸುದ್ದಿ ಏನು, ಮಗಾ?"

ಪೋಮಾ ಮಾರುಕಟ್ಟೆಯ ಮೂಲೆಯಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು.

ಮನೆಗೆ ಬಂದವಳೇ ಮಾವನ ಮುಂದೆ ಫೋನ್ ಹಿಡಿದಳು. ತಾನು ಎಡಗೈಯಲ್ಲಿ ಪಿತೃಗಳಿಗೆ ಎರೆಯುವುದನ್ನು ಕಂಡು ಅಂಪೋಫೊ ಮಾವ ಕುರ್ಚಿಯಿಂದ ಎದ್ದೇಬಿಟ್ಟ. ಮೊದಲು ಇದನ್ನು ಅಳಿಸು ಎಂದ. ಆಮೇಲೆ ಅವಳು ಆ ಮಧ್ಯಾಹ್ನದ ರೆಕಾರ್ಡಿಂಗನ್ನೂ ಕೇಳಿಸಿದಳು. ತನ್ನ ತಾಯಿಯ ನಗು ಕೇಳಿದಾಗ ಮಾವ ಹೊದ್ದ ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡು, ಕೆಲಸದವರಿಗೆ ಊಟ ಹಾಕಿಸಿ, ವೈರಿನ ಸುರುಳಿ ಸಮೇತ ವಾಪಸ್ಸು ಕಳಿಸಿದ. ಅವ್ವ ಇಲ್ಲೇ ಇರಲಿ ಎಂದ.

ಅಜ್ಜಿ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು. "ಮರುದಿನವೇ ಕರ್ಕೊಂಡು ಹೋಗು ಅಂದಿದ್ದೆ ನಾನು."

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಮೂವರೂ ಸುಆಮೆ ಬಡಾವಣೆಯಲ್ಲಿದ್ದ ಓಬೆಂಗ್ ಮನೆಯ ಮುಂದಿದ್ದರು. ಅವನು ಬಾಯಲ್ಲಿ ಹಲ್ಲುಜ್ಜುವ ಕಡ್ಡಿ ಇಟ್ಟುಕೊಂಡೇ ಬಾಗಿಲು ತೆರೆದು ಬೆಪ್ಪಾದ. ಆದರೂ ಕ್ರಮ ಬಿಡಲಿಲ್ಲ. ಕೂರಿಸಿದ. ನೀರು ತಂದ. ಎಡಗೈಯನ್ನು ಬೆನ್ನ ಹಿಂದೆ ಮಡಚಿಟ್ಟುಕೊಂಡು, ಬಲಗೈಯಲ್ಲಿ ಒಬ್ಬೊಬ್ಬರಿಗೂ ಕೊಟ್ಟ. ಪೋಮಾಗೆ ತಲೆ ಎತ್ತಲಾಗಲಿಲ್ಲ.

ಬಂದ ಸುದ್ದಿ ಏನೆಂದು ಅವನು ಕೇಳಿದ. ಹಿರಿಯರೇ ಮಾತಾಡಬೇಕು. ಮಾವ ಗಂಟಲು ಸರಿಪಡಿಸಿಕೊಂಡು ತಪ್ಪೊಪ್ಪಿಗೆಯ ಬಾಟಲಿ ಮುಂದಿಟ್ಟ. ಅಜ್ಜಿ ಅವನ ಮಾತನ್ನು ಅಲ್ಲೇ ತಡೆದಳು.

"ಮೊದಲು ನನ್ನ ಸುದ್ದಿ. ಆ ದಿನದ ನೀರಿಗೆ ಥ್ಯಾಂಕ್ಸ್ ಹೇಳೋಕೆ ಬಂದಿದ್ದೀನಿ, ಮಗಾ. ನಿನ್ನೆಗೆ ಅಂತ ಹೇಳಬೇಕಾಗಿತ್ತು. ತಡವಾಯ್ತು. ನೀನು ನನಗೆ ಬರೀ ನೀರು ಕೊಡಲಿಲ್ಲ. ನನ್ನ ಮನೇನ ನನಗೆ ವಾಪಸ್ ಕೊಟ್ಟೆ."

ಪೋಮಾ ಇನ್ನು ತಡೆಯಲಾರದೆ ಎದ್ದು ನಿಂತಳು. ಹಿರಿಯರ ಮುಂದೆ ಕಿರಿಯರು ಬಾಯಿ ಹಾಕಬಾರದು ಎಂಬುದೂ ಮರೆತುಹೋಯಿತು.

"ನಿಮ್ಮ ಕೈ ನೋಡಿದೆ, ನಿಮ್ಮನ್ನ ನೋಡಲಿಲ್ಲ. ಕ್ಷಮಿಸಿ, ಓಬೆಂಗ್. ಅಷ್ಟು ಬೈದ್ರೂ ಕ್ಯಾಮೆರಾ ಬಿಚ್ಚದೆ ಹೋದ್ರಲ್ಲ... ಅದಕ್ಕೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ನನಗೆ ಗೊತ್ತಿಲ್ಲ."

ಅವಳು ಫೋನ್ ತೋರಿಸಿದಳು. ಓಬೆಂಗ್ ನೋಡಿದ, ಮತ್ತೆ ನೋಡಿದ, ಹಣೆ ಚಚ್ಚಿಕೊಂಡ. ಬಿಸಿಲು ತಪ್ಪಿಸಲು ಕ್ಯಾಮೆರಾವನ್ನು ಮಾಡಿನಿಂದ ತಲೆಕೆಳಗಾಗಿ ನೇತುಹಾಕಿದ್ದ. ಹಾಗೆ ಹಾಕಿದರೆ ಚಿತ್ರವನ್ನು ಮೇಲೆ ಕೆಳಗೆ ಒಮ್ಮೆ, ಎಡ ಬಲಕ್ಕೆ ಒಮ್ಮೆ ತಿರುಗಿಸಬೇಕು. ಮೊದಲನೆಯದನ್ನು ತಿರುಗಿಸಿದ್ದ, ಅಷ್ಟರಲ್ಲಿ ಅಜ್ಜಿ ಕೆಮ್ಮಿದಳು. ಎರಡನೆಯದು ಮರೆತೇಹೋಯಿತು.

"ತಪ್ಪು ನಂದೇ. ನಾನೇ ನನ್ನ ಕೈ ನಂಬಲಿಲ್ಲ," ಅಂದ.

ಮಾವ ಬಾಟಲಿಯ ಮುಚ್ಚಳ ತೆಗೆದ. ತನ್ನನ್ನು ಎಡಗೈಯವನಾಗಿ ಮಾಡಿದ ಹುಡುಗನಿಗೆ ದಂಡ ಹಾಕಬೇಕೋ ಉಡುಗೊರೆ ಕೊಡಬೇಕೋ ತಿಳಿಯುತ್ತಿಲ್ಲ ಎಂದು ಗೊಣಗಿದ. ಎಲ್ಲರೂ ನಕ್ಕರು. ಆ ನಗುವಿನಲ್ಲಿ ಪೋಮಾಳ ಕಣ್ಣೂ ಓಬೆಂಗ್‌ನ ಕಣ್ಣೂ ಮೊದಲ ಸಲ ಸೇರಿದವು. ಬೇಗ ಬಿಡಲಿಲ್ಲ.

ಸೋಮವಾರ ಬೆಳಿಗ್ಗೆ ಓಬೆಂಗ್ ಗೇಟಿನಲ್ಲಿದ್ದ. ನಿನ್ನೆ ಅವರು ಮನೆತನಕ ಬಂದದ್ದಕ್ಕೆ ಥ್ಯಾಂಕ್ಸ್ ಹೇಳಲು. ಅಜ್ಜಿ ನೀರು ಕೊಟ್ಟಳು. ಮಂಗಳವಾರ ಪೋಮಾ ಮೆಕ್ಕೆಜೋಳದ ಬಿಸಿ ಬಿಸಿ ಕೆಂಕೆ ಕಡುಬು ಕಟ್ಟಿಕೊಂಡು ಸುಆಮೆಗೆ ಹೋದಳು. ಅವನು ಬಂದದ್ದಕ್ಕೆ ಥ್ಯಾಂಕ್ಸ್ ಹೇಳಬೇಡವೇ? ಬುಧವಾರ ಕೆಂಕೆಯ ಲೆಕ್ಕಕ್ಕೆ ಅವನು ಸುಟ್ಟ ಬಾಳೆಕಾಯಿ ತಂದ. ಹೀಗೇ ನಡೆಯಿತು. ಬೀದಿಯವರು ಬೆಳಿಗ್ಗೆ ಎದ್ದು ಇವತ್ತು ಯಾರ ಸರದಿ ಎಂದು ಕೇಳತೊಡಗಿದರು. ಅಜ್ಜಿಗೆ ಎಲ್ಲ ಅರ್ಥವಾಗಿತ್ತು. ಕಣ್ಣು ಕಾಣದಿದ್ದರೇನು, ಕಿವಿ ಚುರುಕಾಗಿತ್ತು.

ಒಂದು ಬೆಳಿಗ್ಗೆ ಗೇಟಿನ ಕ್ಯಾಮೆರಾ ಸದ್ದು ಮಾಡಿತು. ಪೋಮಾ ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಲೇ ಫೋನ್ ಎತ್ತಿದಳು. ಇಸ್ತ್ರಿ ಅಂಗಿ ತೊಟ್ಟ ಓಬೆಂಗ್ ನಿಂತಿದ್ದ. ಯಾವತ್ತಿನ ಹಾಗೆ ನಗುತ್ತಿರಲಿಲ್ಲ.

"ನಮ್ಮಲ್ಲಿ ಎಲ್ಲ ಕ್ಷೇಮ. ಬಂದ ಸುದ್ದಿ ಏನು?" ಎಂದಳು ಫೋನಿನಲ್ಲಿ.

"ನಿನ್ನೆಗೆ ಥ್ಯಾಂಕ್ಸ್ ಹೇಳೋಕೆ ಬಂದೆ."

"ಹೇಳಿ ಆಯ್ತಲ್ಲ. ನಾಳೆ ನಾನು ಬರ್ತೀನಿ."

"ಅದೇ ಕಷ್ಟ, ಪೋಮಾ." ಅವನು ಕ್ಯಾಮೆರಾವನ್ನೇ ನೋಡುತ್ತ, ನಿಧಾನಕ್ಕೆ ಹೇಳಿದ. "ಹೀಗೆ ದಿನಾ ನೀವು ಅಲ್ಲಿಗೆ, ನಾನು ಇಲ್ಲಿಗೆ... ಒಂದೇ ಮನೇಲಿದ್ರೆ ಎದ್ದ ತಕ್ಷಣ ಹೇಳಿಬಿಡಬಹುದು. ನಿನ್ನೆಗೆ ಥ್ಯಾಂಕ್ಸ್ ಅಂತ. ದಿನಾ. ಮುದುಕರಾಗೋ ತನಕ. ನಿಮ್ಮ ಮಾವನ ಮುಂದೆ ಥ್ಯಾಂಕ್ಸ್ ಬಾಟಲಿ ಇಡೋಕೆ ನಮ್ಮ ಹಿರಿಯರನ್ನ ಕರ್ಕೊಂಡು ಬರಲಾ?"

ಹೆಣ್ಣಿನ ಮನೆಯವರಿಗೆ ಗಂಡಿನ ಕಡೆಯವರು ಥ್ಯಾಂಕ್ಸ್ ಬಾಟಲಿ ಇಟ್ಟರೆ, ಅದನ್ನು ಇವರು ತೆಗೆದುಕೊಂಡರೆ, ಮದುವೆ ಆದ ಹಾಗೆಯೇ. ಉಪಕಾರ ನೆನೆಯುವುದರಿಂದಲೇ ನಮ್ಮ ಸಂಸಾರಗಳು ಶುರುವಾಗುತ್ತವೆ.

ಒಳಗಿನಿಂದ ಅಜ್ಜಿ ಕೆಮ್ಮಿದಳು. ಬೇಕೆಂದೇ ಕೆಮ್ಮಿದ್ದು.

ಪೋಮಾ ಓಡಿ ಹೋಗಿ ಗೇಟು ತೆರೆದಳು. ಕಣ್ಣು ತುಂಬಿತ್ತು.

"ಕೈ ತೋರಿಸಿ," ಅಂದಳು.

ಅವನು ಬಲಗೈ ಚಾಚಿದ. ಅವಳು ಎರಡೂ ಕೈಗಳಲ್ಲಿ ಅದನ್ನು ಹಿಡಿದುಕೊಂಡಳು.

"ಈಗ ಯಾವ ಕೈ ಕಾಣ್ತಿದೆ?" ಎಂದು ಕೇಳಿದ ಓಬೆಂಗ್.

"ನಂದು," ಅಂದಳು ಪೋಮಾ. "ಒಳಗೆ ಬನ್ನಿ. ಅಜ್ಜಿ ಆಗಿಂದ ನೀರು ಹಿಡ್ಕೊಂಡು ಕಾಯ್ತಿದ್ದಾರೆ."